ಅಪ್ಪ ಮೂರು ಸಲ ದುಡ್ಡು ತೆಗೆದರು, ಬ್ಯಾಂಕ್ ನಾಲ್ಕು ಸಲ ಕತ್ತರಿಸಿತು

ಗೋಡೆಗಡಿಯಾರ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಮೊತ್ತ ಚಿಕ್ಕದು, 74 ರೂಪಾಯಿ 34 ಪೈಸೆ. ಆದರೆ ಅಪ್ಪ ಪಾಸ್‌ಬುಕ್ ಹಿಡಿದು ಕೂತಿರುವ ರೀತಿ ನೋಡಿದರೆ ಏಳು ಸಾವಿರ ಹೋಯಿತೇನೋ ಅನ್ನಿಸುತ್ತದೆ.

ವಿಷಯ ಇಷ್ಟು. ಅಪ್ಪನ ಪಿಂಚಣಿ ಬರುವ ಬ್ಯಾಂಕಿನ ಎಟಿಎಂ ಮನೆಯಿಂದ ದೂರ. ಹತ್ತಿರ ಇರುವುದು ಬೇರೆ ಬ್ಯಾಂಕಿನದು. ನಡೆದು ಹೋಗಬಹುದಲ್ಲ ಅಂತ ಅಲ್ಲಿಗೇ ಹೋಗುತ್ತಾರೆ. ಕಳೆದ ತಿಂಗಳು ಮೂರು ಸಲ ತೆಗೆದಿದ್ದಾರೆ. ಒಮ್ಮೆ 1000, ಒಮ್ಮೆ 500, ಮತ್ತೊಮ್ಮೆ 1000. ತಿಂಗಳಿಗೆ ಮೂರು ಸಲ ಫ್ರೀ ಅಂತ ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಎಂಟ್ರಿ ಹಾಕಿಸಿಕೊಂಡು ಬಂದು ನೋಡಿದರೆ ನಾಲ್ಕು ಕಡೆ ಕತ್ತರಿಸಿದ್ದಾರೆ. 27.14, ಆಮೇಲೆ 10.03, ಇನ್ನೊಂದು 10.03, ಮತ್ತೆ 27.14.

ಮೂರು ಫ್ರೀ, ತೆಗೆದಿದ್ದೂ ಮೂರೇ. ನಾಲ್ಕು ಚಾರ್ಜ್ ಎಲ್ಲಿಂದ ಬಂತು? ಶಾಖೆಗೆ ಫೋನ್ ಮಾಡಿದರೆ "ಸಿಸ್ಟಂ ತಾನಾಗಿ ಹಾಕುತ್ತೆ ಮೇಡಂ" ಅಂದರು. ಸಿಸ್ಟಂ ಯಾರ ಮನೆಯ ಮಗನೋ ಗೊತ್ತಿಲ್ಲ.

ಖಾಲಿ_ಜೇಬು

ನಮ್ಮ ದುಡ್ಡು ನಾವು ತೆಗೆದುಕೊಳ್ಳುವುದಕ್ಕೂ ಬಾಗಿಲಲ್ಲಿ ಸುಂಕ. ನನಗೂ ಹೀಗೇ ಆಗಿದೆ, ಬೇಜಾರಾಗಿ ಸುಮ್ನೆ ಬಿಟ್ಟುಬಿಟ್ಟೆ.

ಹಳೇ_ಕೌಂಟರ್

ಬಿಡಬೇಡಿ. ನಾನು ಮೂವತ್ತು ವರ್ಷ ಕೌಂಟರ್ ಆ ಕಡೆ ಕೂತವನು, ಈಗ ನಿವೃತ್ತ. ಗೋಡೆಗಡಿಯಾರ ಅವರೇ, ಎರಡು ವಿಷಯ ಅಪ್ಪನನ್ನು ಕೇಳಿ ಹೇಳಿ. ದುಡ್ಡು ತೆಗೆಯುವ ಮೊದಲು ಬ್ಯಾಲೆನ್ಸ್ ನೋಡುತ್ತಾರಾ? ಯಾವತ್ತಾದರೂ ಪಿನ್ ತಪ್ಪು ಒತ್ತಿದ್ದರಾ? ಆ ಎಟಿಎಂ ಇರುವುದು ಮಹಾನಗರದಲ್ಲೇ ಅಂತ ಅಂದುಕೊಂಡಿದ್ದೇನೆ, ಇಲ್ಲದಿದ್ದರೆ ಮೂರಲ್ಲ, ಐದು ಫ್ರೀ.

ಗೋಡೆಗಡಿಯಾರ

ಸರ್, ನೀವೇನು ಪಕ್ಕದಲ್ಲೇ ನಿಂತು ನೋಡಿದಿರಾ? ಮಹಾನಗರವೇ. ಅಪ್ಪ ಪ್ರತಿ ಸಲ ಮೊದಲು ಬ್ಯಾಲೆನ್ಸ್ ನೋಡುತ್ತಾರಂತೆ. "ಪಿಂಚಣಿ ಬಂದಿದೆಯೋ ಇಲ್ಲವೋ ತಿಳಿಯದೆ ಹೇಗಮ್ಮ ತೆಗೆಯೋದು" ಅಂತ ನನ್ನನ್ನೇ ಕೇಳಿದರು. ಮೂರನೇ ಸಲ ಹೋದಾಗ ಮೊದಲು ಪಿನ್ ತಪ್ಪಾಗಿದೆ. ಅಮ್ಮನ ಕಾರ್ಡಿನ ಪಿನ್ ಒತ್ತಿದ್ದಾರೆ.

ಹಳೇ_ಕೌಂಟರ್

ಹಾಗಾದರೆ ಲೆಕ್ಕ ಸಿಕ್ಕಿತು.

ಮೂರು ಸಲ ಫ್ರೀ ಅನ್ನುವುದು ದುಡ್ಡು ತೆಗೆಯುವುದಕ್ಕೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಲ್ಲ. ಬೇರೆ ಬ್ಯಾಂಕಿನ ಯಂತ್ರದಲ್ಲಿ ಬ್ಯಾಲೆನ್ಸ್ ನೋಡಿದರೂ ಒಂದು ವಹಿವಾಟು, ಮಿನಿ ಸ್ಟೇಟ್‌ಮೆಂಟ್ ತೆಗೆದರೂ ಒಂದು. ನಿಮ್ಮಪ್ಪ ಮೊದಲ ದಿನ ಬ್ಯಾಲೆನ್ಸ್ ನೋಡಿದರು, 1000 ತೆಗೆದರು. ಎರಡು ಮುಗಿಯಿತು. ಎರಡನೇ ಸಲ ಬ್ಯಾಲೆನ್ಸ್ ನೋಡಿದರು, ಅಲ್ಲಿಗೆ ಮೂರೂ ಮುಗಿಯಿತು. ಆಮೇಲೆ ತೆಗೆದ 500ಕ್ಕೆ ಮೊದಲ 27.14 ಬಿತ್ತು. ಅಂದರೆ 23 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಮೂರನೇ ಸಲ ಪಿನ್ ತಪ್ಪಿದ್ದಕ್ಕೆ 10.03, ಬ್ಯಾಲೆನ್ಸ್ ನೋಡಿದ್ದಕ್ಕೆ 10.03, ತೆಗೆದದ್ದಕ್ಕೆ 27.14. ಕೂಡಿಸಿ, ನಿಮ್ಮ 74.34 ಸರಿಯಾಗಿ ಬರುತ್ತದೆ.

ಇದರಲ್ಲಿ ಒಂದು ಮಾತ್ರ ಅವರು ಕತ್ತರಿಸುವ ಹಾಗಿರಲಿಲ್ಲ. ಪಿನ್ ತಪ್ಪಿದ್ದಕ್ಕೆ ಹಾಕಿದ 10.03. ರಿಸರ್ವ್ ಬ್ಯಾಂಕ್ 2019ರ ಆಗಸ್ಟ್ 14ರಂದು ಸುತ್ತೋಲೆ ಕಳಿಸಿದೆ. ಯಂತ್ರ ಕೆಟ್ಟು, ಸಂಪರ್ಕ ಹೋಗಿ, ನೋಟು ಖಾಲಿಯಾಗಿ, ಪಿನ್ ತಪ್ಪಾಗಿ ವಹಿವಾಟು ನಿಂತರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಚಾರ್ಜೂ ಹಾಕಬಾರದು. ಸ್ವಂತ ಬ್ಯಾಂಕಿನ ಯಂತ್ರದಲ್ಲಿ ಎಷ್ಟು ಸಲ ಬ್ಯಾಲೆನ್ಸ್ ನೋಡಿದರೂ ಫ್ರೀ ಲೆಕ್ಕಕ್ಕೆ ಸೇರಿಸಬಾರದು ಅಂತಲೂ ಅದರಲ್ಲೇ ಇದೆ. ಆ ತಾರೀಖು ಬರೆದು ಶಾಖೆಗೆ ಒಂದು ಅರ್ಜಿ ಕೊಡಿ, ಕೊಟ್ಟ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಕೇಳಿದರೆ ಸಿಸ್ಟಂ ಮೇಲೆ ಹಾಕುತ್ತಾರೆ, ಅದು ನಮ್ಮ ಕಾಲದಿಂದಲೂ ಇದೆ.

ಸಂಜೆಮಲ್ಲಿಗೆ

ಅಯ್ಯೋ, ಬ್ಯಾಲೆನ್ಸ್ ನೋಡುವುದೂ ಲೆಕ್ಕಕ್ಕಾ? ಇಷ್ಟು ವರ್ಷ ನಾನು ಯಾವ ಎಟಿಎಂ ಕಂಡರೂ ಒಳಗೆ ಹೋಗಿ ನೋಡಿ ಬರುತ್ತಿದ್ದೆ. ಎಸಿ ತಂಪಿಗೆ.

ನೋಟು_ಬೇಡ

ಇಷ್ಟೆಲ್ಲ ತಲೆನೋವು ಯಾಕೆ? ಯುಪಿಐ ಹಾಕಿಕೊಡಿ ಅಪ್ಪನಿಗೆ. ಸ್ಕ್ಯಾನ್ ಮಾಡಿದರೆ ಮುಗಿಯಿತು, ಒಂದು ಪೈಸೆ ಚಾರ್ಜ್ ಇಲ್ಲ. ಎಟಿಎಂಗೆ ಹೋಗುವುದೇ ಹಳೇ ಕಾಲದ ಅಭ್ಯಾಸ.

ಗೋಡೆಗಡಿಯಾರ

ಅಪ್ಪನಿಗೆ 76. ಫೋನಿನಲ್ಲಿ ಬರುವ ಅಕ್ಷರ ಕಾಣಿಸುವುದಿಲ್ಲ. ಅದೂ ಅಲ್ಲದೆ ಅವರ ಗೆಳೆಯರೊಬ್ಬರು ಯಾವುದೋ ಲಿಂಕ್ ಒತ್ತಿ ದುಡ್ಡು ಕಳೆದುಕೊಂಡ ಮೇಲೆ ಅಪ್ಪ ಫೋನಿಗೂ ದುಡ್ಡಿಗೂ ನಂಟೇ ಬೇಡ ಅಂದಿದ್ದಾರೆ. ಅವರ ದುಡ್ಡು, ಅವರ ಭಯ. ನಾನು ಒತ್ತಾಯ ಮಾಡಲಾರೆ.

ಲೆಕ್ಕಪಕ್ಕಾ

ಯುಪಿಐ ಅಣ್ಣನಿಗೆ ಒಂದು ಮಾತು. ಎಟಿಎಂ ಪರದೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿ, ಕಾರ್ಡ್ ಇಲ್ಲದೆ ಯುಪಿಐ ಮೂಲಕ ನೋಟು ತೆಗೆಯಬಹುದು, ನಿಜ. ಅದಕ್ಕೂ ಇದೇ ಫ್ರೀ ಲೆಕ್ಕ, ಇದೇ ಚಾರ್ಜ್. ಯಂತ್ರದಿಂದ ನೋಟು ಹೊರಬಂದರೆ ಅದು ತೆಗೆದ ಹಾಗೇ.

ನನ್ನ ತಕರಾರು ಬೇರೆ ಕಡೆ ಇದೆ. ಈ ಚಾರ್ಜ್ ಮೊತ್ತದ ಮೇಲೆ ಅಲ್ಲ, ಸಲದ ಮೇಲೆ. 10,000 ತೆಗೆದವನಿಗೂ 27.14, 500 ತೆಗೆದವರಿಗೂ 27.14. ಮೊದಲನೆಯವನಿಗೆ ಅದು ನೂರಕ್ಕೆ 27 ಪೈಸೆ. ಎರಡನೆಯವರಿಗೆ ನೂರಕ್ಕೆ ಐದೂವರೆ ರೂಪಾಯಿ ಹತ್ತಿರ. ಗೋಡೆಗಡಿಯಾರ ಅವರ ಅಪ್ಪ ತೆಗೆದದ್ದು ಒಟ್ಟು 2500, ಕಳೆದುಕೊಂಡದ್ದು 74.34. ಶೇಕಡ ಮೂರಕ್ಕೆ ಚೂರು ಕಡಿಮೆ. ಉಳಿತಾಯ ಖಾತೆಯಲ್ಲಿ ಇಡೀ ವರ್ಷ ದುಡ್ಡಿಟ್ಟರೆ ಸಿಗುವ ಬಡ್ಡಿ ಹೆಚ್ಚುಕಡಿಮೆ ಅಷ್ಟೇ. ವರ್ಷದ ಬಡ್ಡಿ ಒಂದೇ ತಿಂಗಳಲ್ಲಿ ವಾಪಸ್ ಹೋಯಿತು.

ಇಷ್ಟಿಷ್ಟೇ ತೆಗೆಯುವವರು ಯಾರು? ಖಾತೆಯಲ್ಲಿ ಜಾಸ್ತಿ ಇಲ್ಲದವರು, ಜೇಬಿನಲ್ಲಿ ಜಾಸ್ತಿ ಇಟ್ಟುಕೊಂಡರೆ ಕಳೆದುಹೋಗುತ್ತದೆ ಅಂತ ಹೆದರುವ ವಯಸ್ಸಾದವರು. ಮೊದಲು ಬ್ಯಾಲೆನ್ಸ್ ನೋಡುವವರೂ ಅವರೇ. ಸಂಬಳದ ಖಾತೆಯಲ್ಲಿ ದುಡ್ಡು ತುಂಬಿರುವವನು ನೋಡುವುದಿಲ್ಲ, ಇದೆ ಅಂತ ಗೊತ್ತಿರುತ್ತದೆ. ಒಳ್ಳೇ ಸಂಬಳದ ಖಾತೆಗೆ ಎಷ್ಟೋ ಬ್ಯಾಂಕುಗಳು ಈ ಚಾರ್ಜೇ ಹಾಕುವುದಿಲ್ಲ, ಅದು ಇನ್ನೊಂದು ತಮಾಷೆ.

ಖಾಲಿ_ಜೇಬು

ಖಾತೆಯಲ್ಲಿ ದುಡ್ಡೇ ಸಾಲದೆ ಯಂತ್ರ "ಇಲ್ಲ" ಅಂದರೂ ನನ್ನ ಬ್ಯಾಂಕ್ ದಂಡ ಹಾಕುತ್ತದೆ. ಇಲ್ಲ ಅಂತ ಹೇಳಿದ್ದಕ್ಕೆ ಕೂಲಿ! ಹಳೇ ಕೌಂಟರ್ ಸರ್, ಇದು ನೀವು ಹೇಳಿದ 2019ರ ಸುತ್ತೋಲೆಗೆ ಬರುವುದಿಲ್ಲವಾ?

ಹಳೇ_ಕೌಂಟರ್

ಯಂತ್ರದಲ್ಲಿ ನೋಟಿಲ್ಲದಿದ್ದರೆ ಬರುತ್ತದೆ. ನಿಮ್ಮ ಖಾತೆಯಲ್ಲಿ ಇಲ್ಲದಿದ್ದರೆ ಬ್ಯಾಂಕುಗಳು ಅದು ಗ್ರಾಹಕರ ತಪ್ಪು ಅನ್ನುತ್ತವೆ. ನನಗೂ ಸರಿ ಅನ್ನಿಸುವುದಿಲ್ಲ.

ಆದರೂ ಬೈಯುವ ಮೊದಲು ದುಡ್ಡು ಯಾರಿಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ. ನೀವು ಬೇರೆ ಬ್ಯಾಂಕಿನ ಯಂತ್ರದಲ್ಲಿ ಕಾರ್ಡ್ ಹಾಕಿದ ಕೂಡಲೇ ನಿಮ್ಮ ಬ್ಯಾಂಕ್ ಆ ಯಂತ್ರದ ಬ್ಯಾಂಕಿಗೆ ಬಾಡಿಗೆ ಕೊಡಬೇಕು. ಇದಕ್ಕೆ ಇಂಟರ್‌ಚೇಂಜ್ ಅನ್ನುತ್ತಾರೆ. 2025ರ ಮೇ 1ರಿಂದ ದುಡ್ಡು ತೆಗೆದರೆ 19 ರೂಪಾಯಿ, ಬ್ಯಾಲೆನ್ಸ್ ನೋಡಿದರೆ 7. ಮೊದಲು 17 ಮತ್ತು 6 ಇತ್ತು. ನಿಮಗೆ ಫ್ರೀ ಅನ್ನಿಸಿದ ಮೂರು ಸಲವೂ ನಿಮ್ಮ ಬ್ಯಾಂಕ್ ಈ ದುಡ್ಡು ಕೊಟ್ಟೇ ಇರುತ್ತದೆ. ಫ್ರೀ ಮುಗಿದ ಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡುತ್ತದೆ, ಗರಿಷ್ಠ 23ರವರೆಗೆ.

ಆ 19 ರೂಪಾಯಿಯಲ್ಲಿ ಜಾಗದ ಬಾಡಿಗೆ, ಕರೆಂಟು, ನೋಟು ತುಂಬುವ ವ್ಯಾನು, ಬಂದೂಕು ಹಿಡಿದ ಕಾವಲಿನವರು, ವಿಮೆ, ಯಂತ್ರದ ರಿಪೇರಿ ಎಲ್ಲ ಹೊರಡಬೇಕು. ಒಂದು ಪೆಟ್ಟಿಗೆಗೆ ದುಡ್ಡು ತುಂಬಿಸುವುದು ಅಂದರೆ ಹಾಲಿನ ಕ್ಯಾನ್ ಇಳಿಸಿದ ಹಾಗಲ್ಲ.

ಮಗ್ಗುಲುಮನೆ

ಸರ್, ಒಪ್ಪಿದೆ. ಹಾಗಾದರೆ ಸ್ವಂತ ಬ್ಯಾಂಕಿನ ಯಂತ್ರದಲ್ಲಿ ಐದು ಸಲ ಆದ ಮೇಲೆ ಯಾಕೆ ಚಾರ್ಜ್? ಅಲ್ಲಿ ಯಾರಿಗೂ 19 ಕೊಡುವುದಿಲ್ಲವಲ್ಲ. ಯಂತ್ರ ಅವರದೇ, ಕಾರ್ಡ್ ಅವರದೇ, ದುಡ್ಡು ನಮ್ಮದು.

ನಾನು ಶಾಖೆಗೆ ಹೋಗಿ ಚೀಟಿ ತುಂಬಿ ದುಡ್ಡು ಕೇಳಿದರೆ "ಇಷ್ಟಕ್ಕೆಲ್ಲ ಎಟಿಎಂಗೆ ಹೋಗಿ" ಅಂತ ಕೌಂಟರಿನಿಂದ ಓಡಿಸುತ್ತಾರೆ. ಎಟಿಎಂಗೆ ಹೋದರೆ ಚಾರ್ಜ್. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಅದೇ. ಕೌಂಟರಿನ ಖರ್ಚು ಉಳಿಯಲಿ ಅಂತಲೇ ಈ ಯಂತ್ರ ತಂದದ್ದು. ಉಳಿದ ಖರ್ಚು ಅವರಿಗೆ, ಯಂತ್ರದ ಖರ್ಚು ನಮಗೆ.

ಹಳೇ_ಕೌಂಟರ್

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಓಡಿಸಿದವರಲ್ಲಿ ನಾನೂ ಒಬ್ಬ. ಮೇಲಿನಿಂದ ಹೇಳುತ್ತಿದ್ದರು, ನಾವು ಹೇಳುತ್ತಿದ್ದೆವು. ಹೊಸದಾಗಿ ಕಾರ್ಡ್ ಕೊಡುವಾಗ "ಯಾವಾಗ ಬೇಕಾದರೂ ತೆಗೆಯಬಹುದು, ಎಲ್ಲಾ ಫ್ರೀ" ಅಂತ ನಾನೇ ಎಷ್ಟೋ ಜನರ ಕೈಗೆ ಕಾರ್ಡ್ ಇಟ್ಟಿದ್ದೇನೆ.

ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. 2009ರ ಏಪ್ರಿಲ್ 1ರಿಂದ ಯಾವ ಬ್ಯಾಂಕಿನ ಯಂತ್ರದಲ್ಲಿ ತೆಗೆದರೂ ಚಾರ್ಜ್ ಇಲ್ಲ ಅಂತ ರಿಸರ್ವ್ ಬ್ಯಾಂಕ್ ಮಾಡಿತು. ಆ ಸುಖ ಆರು ತಿಂಗಳು. ಅದೇ ವರ್ಷ ಅಕ್ಟೋಬರಿನಲ್ಲಿ ತಿಂಗಳಿಗೆ ಐದು ಸಲ ಅಂತ ಮಿತಿ ಬಂತು. 2014ರ ನವೆಂಬರ್‌ನಿಂದ ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಹೈದರಾಬಾದ್ ಈ ಆರು ನಗರಗಳಲ್ಲಿ ಐದು ಹೋಗಿ ಮೂರಾಯಿತು. ನಗರ ಅಂದರೆ ಎಟಿಎಂ ನಿಂತಿರುವ ಊರು, ನಿಮ್ಮ ಖಾತೆ ಇರುವ ಊರಲ್ಲ. ಸ್ವಂತ ಬ್ಯಾಂಕಿನ ಯಂತ್ರಕ್ಕೂ ಐದರ ಮಿತಿ ಬಂದದ್ದು ಆಗಲೇ. ಮಗ್ಗುಲುಮನೆಯವರು ಕೇಳಿದ ಪ್ರಶ್ನೆ ಆಗಲೂ ಗ್ರಾಹಕರು ಕೇಳಿದ್ದರು.

ಚಾರ್ಜ್ 20 ಇದ್ದದ್ದು 2022ರ ಜನವರಿಯಲ್ಲಿ 21 ಆಯಿತು, 2025ರ ಮೇನಲ್ಲಿ 23. ನ್ಯಾಯವಾಗಿ ನೋಡಿದರೆ ಹತ್ತು ವರ್ಷದಲ್ಲಿ ಮೂರು ರೂಪಾಯಿ ಏರಿದ್ದು ದೊಡ್ಡದಲ್ಲ. ಬೇರೆ ಎಲ್ಲದರ ಬೆಲೆ ಇದಕ್ಕಿಂತ ಜಾಸ್ತಿ ಏರಿದೆ.

ಲೆಕ್ಕಪಕ್ಕಾ

ಏರಿದ್ದರ ಬಗ್ಗೆ ನನಗೂ ಸಿಟ್ಟಿಲ್ಲ ಸರ್. ಕೇಳದೆ ಕತ್ತರಿಸುವುದರ ಬಗ್ಗೆ ಸಿಟ್ಟು. "ನಿಮ್ಮ ಫ್ರೀ ಮುಗಿದಿದೆ, ಮುಂದೆ ಒತ್ತಿದರೆ 27.14 ಹೋಗುತ್ತದೆ, ಬೇಕಾ ಬೇಡವಾ" ಅಂತ ಪರದೆ ಮೇಲೆ ಒಂದು ಸಾಲು ಬಂದರೆ ಅಪ್ಪನಂಥವರು ಕಾರ್ಡ್ ತೆಗೆದುಕೊಂಡು ಹೊರಗೆ ಬರುತ್ತಾರೆ. ಪರದೆ ಕೇಳುವುದು ಏನನ್ನು? "ರಸೀದಿ ಬೇಕಾ?"

ದೂರದೇಶಿ

ನಾನಿರುವುದು ಇಂಗ್ಲೆಂಡಿನಲ್ಲಿ. ಲೆಕ್ಕಪಕ್ಕಾ ಹೇಳಿದ ಆ ಸಾಲು ಇಲ್ಲಿ ಇದೆ. ಹೆಚ್ಚಿನ ಯಂತ್ರಗಳು ಪೂರ್ತಿ ಫ್ರೀ. ಚಾರ್ಜ್ ಹಾಕುವ ಯಂತ್ರವಾದರೆ ದುಡ್ಡು ಕೊಡುವ ಮೊದಲೇ ಪರದೆಯಲ್ಲಿ ಎಷ್ಟು ಅಂತ ತೋರಿಸಿ ಒಪ್ಪಿಗೆ ಕೇಳುತ್ತದೆ. ಬೇಡ ಅಂದರೆ ಕಾರ್ಡ್ ವಾಪಸ್, ಒಂದು ಪೆನ್ನಿಯೂ ಹೋಗುವುದಿಲ್ಲ. ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. 2018ರಿಂದ ಬ್ಯಾಂಕುಗಳು ಯಂತ್ರದವರಿಗೆ ಕೊಡುವ ಇಂಟರ್‌ಚೇಂಜ್ ಇಳಿಸಿದರು. ಆಮೇಲೆ ಎಷ್ಟೋ ಫ್ರೀ ಯಂತ್ರಗಳು ಚಾರ್ಜಿನ ಯಂತ್ರಗಳಾದವು, ಕೆಲವು ಎದ್ದೇ ಹೋದವು.

ಆಸ್ಟ್ರೇಲಿಯಾದಲ್ಲಿ ಇನ್ನೂ ಮಜಾ ಆಯಿತು. 2017ರ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ಬ್ಯಾಂಕು ಬೇರೆ ಬ್ಯಾಂಕಿನ ಗ್ರಾಹಕರಿಂದ ಇನ್ನು ಎಟಿಎಂ ಚಾರ್ಜ್ ತೆಗೆದುಕೊಳ್ಳುವುದಿಲ್ಲ ಅಂತ ಬೆಳಿಗ್ಗೆ ಹೇಳಿತು. ಉಳಿದ ಮೂರು ದೊಡ್ಡ ಬ್ಯಾಂಕುಗಳೂ ಅದೇ ದಿನ ಹಿಂದೆಯೇ ಬಂದವು. ವರ್ಷಗಟ್ಟಲೆ ಆಗುವುದೇ ಇಲ್ಲ ಅನ್ನುತ್ತಿದ್ದದ್ದು ಒಂದು ಭಾನುವಾರ ಆಗಿಹೋಯಿತು. ಅಮೆರಿಕದಲ್ಲಿ ಉಲ್ಟಾ. ಅಲ್ಲಿ ನನ್ನ ತಮ್ಮನಿಗೆ ಒಂದೇ ಸಲ ತೆಗೆದದ್ದಕ್ಕೆ ಎರಡು ಚಾರ್ಜ್. ಯಂತ್ರದವರದ್ದು ಒಂದು, ಬೇರೆಯವರ ಯಂತ್ರಕ್ಕೆ ಹೋದೆಯಲ್ಲ ಅಂತ ತನ್ನ ಬ್ಯಾಂಕಿನದೇ ಇನ್ನೊಂದು.

ಪಿನ್ ವಿಷಯ ಬಂದದ್ದಕ್ಕೆ ಒಂದು ಅಡ್ಡಮಾತು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಮೊದಲ ಯಂತ್ರ ನಿಲ್ಲಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಆರು ಅಂಕಿ ಇಡಬೇಕು ಅಂದುಕೊಂಡಿದ್ದರಂತೆ. ನನಗೆ ನಾಲ್ಕಕ್ಕಿಂತ ಜಾಸ್ತಿ ನೆನಪಿರುವುದಿಲ್ಲ ಅಂತ ಹೆಂಡತಿ ಹೇಳಿದ್ದಕ್ಕೆ ನಾಲ್ಕು ಮಾಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಗೋಡೆಗಡಿಯಾರ ಅವರ ಅಪ್ಪ ಹೆಂಡತಿಯ ನಾಲ್ಕು ಅಂಕಿ ಮರೆಯದೆ ತಮ್ಮದನ್ನು ಮರೆತದ್ದು ಓದಿ ನಗು ಬಂತು, ಕ್ಷಮಿಸಿ.

ಗೋಡೆಗಡಿಯಾರ

ಅಮ್ಮನಿಗೆ ಓದಿ ಹೇಳಿದೆ. "ಹೆಂಡತಿ ಪಿನ್ ಮಾತ್ರ ಚೆನ್ನಾಗಿ ನೆನಪಿರುತ್ತೆ" ಅಂದರು. ಅಪ್ಪ ಪೇಪರ್ ಎತ್ತಿಕೊಂಡರು.

ಸಂಜೆಮಲ್ಲಿಗೆ

ನನ್ನದೂ ಒಂದು ಇದೆ, ಯಾರಿಗಾದರೂ ಉಪಯೋಗ ಆಗಬಹುದು. ಒಮ್ಮೆ 5000 ಒತ್ತಿದೆ. ಒಳಗೆ ನೋಟು ಎಣಿಸಿದ ಸದ್ದು ಬಂತು, ಬಾಗಿಲು ತೆರೆಯಲಿಲ್ಲ. ಖಾತೆಯಿಂದ ಹೋಯಿತು ಅಂತ ಮೆಸೇಜ್ ಮಾತ್ರ ಬಂತು. ಕಾಲು ನಡುಗಿತು. ಮನೆ ಬಾಡಿಗೆಯ ದುಡ್ಡು ಅದು. ಯಂತ್ರದ ಬ್ಯಾಂಕಿನವರು "ನಿಮ್ಮ ಬ್ಯಾಂಕಿಗೆ ಹೋಗಿ" ಅಂದರು, ನಮ್ಮ ಬ್ಯಾಂಕಿನವರು "ಅವರು ಕಳಿಸಬೇಕು" ಅಂದರು.

ಒಂಬತ್ತನೇ ದಿನ ದುಡ್ಡು ಬಂತು. ಆಮೇಲೆ ನಮ್ಮ ಕಚೇರಿಯ ಒಬ್ಬರು ಹೇಳಿದರು, ಐದು ದಿನದೊಳಗೆ ವಾಪಸ್ ಹಾಕದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ನಿಯಮ ಇದೆ, ಕೇಳಿ ಅಂತ. ಕೇಳಿದೆ. ಎರಡು ಸಲ ಇಮೇಲ್ ಮಾಡಿದ ಮೇಲೆ 400 ಬಂತು. ಗ್ರಾಹಕರು ಕೇಳದಿದ್ದರೂ ಬ್ಯಾಂಕೇ ತಾನಾಗಿ ಹಾಕಬೇಕಂತೆ! ನಾವು 27 ರೂಪಾಯಿ ಕೊಡುವುದಿದ್ದರೆ ಸಿಸ್ಟಂ ತಾನಾಗಿ ಕತ್ತರಿಸುತ್ತದೆ. ಅವರು 400 ಕೊಡುವುದಿದ್ದರೆ ಸಿಸ್ಟಂಗೆ ಇಮೇಲ್ ಬೇಕು.

ಹಳೇ_ಕೌಂಟರ್

ಅದು 2019ರ ಸೆಪ್ಟೆಂಬರ್ 20ರ ಸುತ್ತೋಲೆ. ಸರಿಯಾಗಿ ಮಾಡಿದಿರಿ.

ಮಗ್ಗುಲುಮನೆ

ಇನ್ನೊಂದು ಸಣ್ಣ ಮೋಸ. 700 ಬೇಕು ಅಂತ ಹೋದರೆ ಯಂತ್ರದಲ್ಲಿ ಬರೀ 500ರ ನೋಟು. 500 ತೆಗೆದರೆ ಸಾಲದು, 1000 ತೆಗೆದರೆ ಚಿಲ್ಲರೆಗೆ ಅಲೆಯಬೇಕು. ಎರಡು ದಿನ ಬಿಟ್ಟು ಇನ್ನೊಮ್ಮೆ ಹೋದರೆ ಇನ್ನೊಂದು ಸಲದ ಲೆಕ್ಕ. 100 ಅಥವಾ 200ರ ನೋಟು ಇಡಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಆ ಸೆಪ್ಟೆಂಬರ್ ಕೊನೆಗೆ ನೂರಕ್ಕೆ 75 ಎಟಿಎಂಗಳಲ್ಲಿ, 2026ರ ಮಾರ್ಚ್ ಕೊನೆಗೆ 90ರಲ್ಲಿ. ನಾನು ಹೋಗುವ ಯಂತ್ರ ಯಾವಾಗಲೂ ಉಳಿದ ಹತ್ತರಲ್ಲೇ ಇರುತ್ತದೆ.

ಲೆಕ್ಕಪಕ್ಕಾ

ಗೋಡೆಗಡಿಯಾರ ಅವರೇ, ಅಪ್ಪನಿಗೆ ಎರಡು ದಾರಿ ಇದೆ. ಬ್ಯಾಲೆನ್ಸ್ ತಿಳಿಯಲು ಹೆಚ್ಚಿನ ಬ್ಯಾಂಕುಗಳಲ್ಲಿ ಮಿಸ್ಡ್ ಕಾಲ್ ನಂಬರ್ ಇರುತ್ತದೆ. ಖಾತೆಗೆ ಸೇರಿಸಿದ ಫೋನಿನಿಂದ ಕರೆ ಮಾಡಿದರೆ ತಾನೇ ಕಟ್ ಆಗಿ ಮೆಸೇಜ್ ಬರುತ್ತದೆ. ಸ್ಮಾರ್ಟ್‌ಫೋನ್ ಬೇಡ, ಲಿಂಕ್ ಇಲ್ಲ. ಆಮೇಲೆ ತಿಂಗಳಿಗೆ ಮೂರೇ ಸಲ ತೆಗೆದರೆ ಪೂರ್ತಿ ಚಾರ್ಜ್ ಅಲ್ಲೇ ಉಳಿಯಿತು. ಇನ್ನೊಂದು, ಕಾರ್ಡ್ ಉಜ್ಜುವ ಯಂತ್ರ ಇರುವ ಕೆಲವು ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಮೇಲೆ ನಗದೂ ಕೊಡುತ್ತಾರೆ. ಒಂದು ಸಲಕ್ಕೆ 2000, ತಿಂಗಳಿಗೆ 10,000ದವರೆಗೆ. ಚಾರ್ಜ್ ಹಾಕಿದರೂ ಶೇಕಡ ಒಂದನ್ನು ಮೀರುವ ಹಾಗಿಲ್ಲ, 500ಕ್ಕೆ ಐದೇ ರೂಪಾಯಿ. ಎಲ್ಲ ಅಂಗಡಿಯಲ್ಲೂ ಇಲ್ಲ, ಕೇಳಿ ನೋಡಬೇಕು.

ನೋಟು_ಬೇಡ

ಮೇಲೆ ಸ್ವಲ್ಪ ಉಡಾಫೆಯಾಗಿ ಬರೆದೆ. ನಮ್ಮ ಅಜ್ಜಿಯನ್ನು ಕೇಳಿದೆ. ಅವರೂ ಪ್ರತಿ ಸಲ ಮೊದಲು ಬ್ಯಾಲೆನ್ಸ್ ನೋಡುತ್ತಾರಂತೆ. ಆಮೇಲೆ ಮಿನಿ ಸ್ಟೇಟ್‌ಮೆಂಟ್ ಬೇರೆ, "ಚೀಟಿ ಬರುತ್ತಲ್ಲ, ಸಾಕ್ಷಿಗಿರಲಿ" ಅಂತ. ಒಂದೇ ಸಲಕ್ಕೆ ಮೂರೂ ಮುಗಿಸುತ್ತಿದ್ದರು.

ಗೋಡೆಗಡಿಯಾರ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಳೇ ಕೌಂಟರ್ ಸರ್ ಹೇಳಿದ ಹಾಗೆ ಅರ್ಜಿ ಬರೆದು, ಸುತ್ತೋಲೆಯ ತಾರೀಖು ಹಾಕಿ ಕೊಟ್ಟೆವು. ಮೊದಲ ವಾರ ಏನೂ ಇಲ್ಲ. ಎರಡನೇ ವಾರ ಹೋದಾಗ, ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯುತ್ತೇವೆ ಅಂತ ಅಪ್ಪ ಮೆತ್ತಗೆ ಹೇಳಿದರು. ಹೇಗೆ ದೂರು ಕೊಡುವುದು ಅಂತ ತಿಳಿಯಲು ಇರುವ 14448 ನಂಬರನ್ನು ಅರ್ಜಿಯ ಪ್ರತಿಯ ಮೂಲೆಯಲ್ಲಿ ಬರೆದಿಟ್ಟುಕೊಂಡಿದ್ದರು, ಅದನ್ನೂ ತೋರಿಸಿದರು. ಮ್ಯಾನೇಜರ್ ಕುರ್ಚಿ ಕೊಟ್ಟರಂತೆ.

ನಿನ್ನೆ 10.03 ಜಮಾ ಆಗಿದೆ. ಉಳಿದದ್ದು ನಿಯಮದ ಪ್ರಕಾರ ಅಂತ ಪತ್ರ. ಮಿಸ್ಡ್ ಕಾಲ್ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಪಿಂಚಣಿ ದಿನ ಬೆಳಿಗ್ಗೆಯಿಂದ ನಾಲ್ಕು ಸಲ ಮಾಡಿದ್ದಾರೆ.

ಪಾಸ್‌ಬುಕ್‌ನಲ್ಲಿ ಆ ಜಮಾ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 64.31 ಅಂತ ಬರೆದುಕೊಂಡಿದ್ದಾರೆ. ಇದೇನಪ್ಪ ಅಂದರೆ "ಬಾಕಿ" ಅಂದರು.